ಗೊಗ್ಗರು ಕಂಬ

ಆ ಊರಿಗೆ ನಾನು ಕೆಲಸಕ್ಕೆಂದು ಹೋದ ಮೊದಲ ದಿನವೇ ಮಧ್ಯಾಹ್ನದ ಮಬ್ಬು ನನ್ನನ್ನು ದಾರಿಯ ನಡುವೆ ಹಿಡಿದು ನಿಲ್ಲಿಸಿತು. ಬಸ್ಸಿಳಿದು, ಟ್ರಂಕು ಕೈಯಲ್ಲಿ ಹಿಡಿದು, ಕೂಗು ಕಚೇರಿ ಎಲ್ಲಿ ಎಂದು ಒಬ್ಬಾತನನ್ನು ಕೇಳುತ್ತಿದ್ದೆ. ಆತ ಬಾಯಿ ತೆರೆಯುವಷ್ಟರಲ್ಲಿ ಮೊದಲು ಆತನ ಮುಖ ಹೋಯಿತು, ಆಮೇಲೆ ಅಂಗಿ, ಆಮೇಲೆ ನನ್ನ ಸ್ವಂತ ಕೈ. ನಾನು ಹಾಲಿನ ಪಾತ್ರೆಗೆ ಬಿದ್ದ ಇರುವೆಯ ಹಾಗೆ ನಿಂತೆ. ಆತ ಮಾತ್ರ ಏನೂ ಆಗದವನಂತೆ, "ಸನಾದಿ ಕೇಳತೈತಲ್ರೀ? ಅದು ಪ್ಯಾಟಿ. ಅದನ್ನ ಬಲಗಿವಿಗೆ ಇಟಗೊಂಡು ನಡೀರಿ. ಮುಂದ ತಾಳ ಬರತೈತಿ. ತಾಳದ ಕೆಳಗ ನಿಂತು ಬಾಗಲಾ ಬಡೀರಿ" ಎಂದು ಹೇಳಿ ಸರಸರ ನಡೆದೇಬಿಟ್ಟ. ಅವನ ಚಪ್ಪಲಿಯ ಸದ್ದು ಒಮ್ಮೆಯೂ ತಡವರಿಸಲಿಲ್ಲ.

ದಿನವೂ ಹನ್ನೆರಡಕ್ಕೆ ಮಬ್ಬು ಇಳಿಯುತ್ತದೆ, ನಾಲ್ಕಕ್ಕೆ ಏಳುತ್ತದೆ. ಊರಿನವರು ಅದರ ಬಗ್ಗೆ ಮಾತಾಡುವುದೇ ಇಲ್ಲ. ನಾಪಿತ ಹನ್ನೊಂದೂಮುಕ್ಕಾಲಿಗೆ ಕತ್ತಿ ಒರೆಸಿಡುತ್ತಾನೆ. ದಾರಿಯಲ್ಲಿ ಎದುರಾದವರು ಹೆಸರು ಹೇಳುತ್ತಾರೆ, "ನಾನು ಫಕೀರವ್ವ, ನಿಮ್ಮ ಎಡಕ್ಕ" ಎಂದು. ಕೇಳಿದವರು ತಮ್ಮ ಹೆಸರು ಹೇಳಿ ಆ ದನಿಯತ್ತ ಸರಿಯುತ್ತಾರೆ. ಗಂಡಹೆಂಡಿರ ಜಗಳಗಳನ್ನು ಮಬ್ಬಿನ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ, ಮುಖ ನೋಡಬೇಕಾಗಿಲ್ಲವಲ್ಲ. ಉಳಿದಂತೆ ಸಂತೆ, ಶಾಲೆ, ಹೊಲಿಗೆ ಎಲ್ಲವೂ ನಡೆಯುತ್ತವೆ, ಏಕೆಂದರೆ ಊರಲ್ಲಿ ನಲವತ್ತೊಂದು ಕಂಬಗಳಿವೆ. ಪ್ರತಿ ಕಂಬದ ತುದಿಗೊಂದು ಸ್ಪೀಕರು, ಪ್ರತಿ ಸ್ಪೀಕರಿಗೊಂದು ಸದ್ದು. ಬಾವಿಯ ಹತ್ತಿರ ರಾಟೆಯ ಕಿರುಗು, ಶಾಲೆಯ ಹತ್ತಿರ ಸೀಟಿ, ಪೇಟೆಗೆ ಸನಾದಿ. ಊರಿನ ಮೂಡಣಕ್ಕೆ ಸುಣ್ಣದ ಗಣಿಯಿದೆ, ಮೂರಾಳು ಆಳದ್ದು. ಅದರ ಅಂಚಿನ ಕಂಬ ಮಾತ್ರ ಮುದಿ ಎತ್ತು ಕೆಮ್ಮಿದ ಹಾಗೆ ಒರಲುತ್ತಿತ್ತು. ಅದನ್ನು ಗೊಗ್ಗರು ಕಂಬ ಎನ್ನುತ್ತಿದ್ದರು. ಅದು ಕೇಳಿದರೆ ನಡೆಯುತ್ತಿದ್ದವರು ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿದ್ದರು.

ಈ ಸದ್ದುಗಳನ್ನೆಲ್ಲ ನಡೆಸುವುದು ಕೂಗು ಕಚೇರಿಯ ಒಂದು ಕಂಪ್ಯೂಟರು. ಅದಕ್ಕೇನಾದರೂ ಆದರೆ ಇರಲಿ ಎಂದು ಪಕ್ಕದಲ್ಲೇ ಇನ್ನೊಂದು. ಅವನ್ನು ಹದಿನೆಂಟು ವರ್ಷದಿಂದ ನೋಡಿಕೊಂಡವರು ಕಾಶೀಬಾಯಿ. ಅವರಿಗೆ ವಯಸ್ಸಾಗುತ್ತಿದೆ, ಕಲಿತವರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕರೆಸಿದ್ದರು. ನಾನು ದೊಡ್ಡ ಊರಿನಲ್ಲಿ ಕೆಲಸ ಮಾಡಿದವಳು. ಅಲ್ಲಿ ವಾರಕ್ಕೊಮ್ಮೆ ಎಲ್ಲವೂ ಹೊಸದಾಗುತ್ತಿತ್ತು. ಕಾಶೀಬಾಯಿಯ ಯಂತ್ರದ ಮುಂದೆ ಕೂತಾಗ ನನಗೆ ಅಜ್ಜಿಯ ಅಡುಗೆಮನೆ ಹೊಕ್ಕಂತಾಯಿತು. ಅದನ್ನು ನಡೆಸುವ ವ್ಯವಸ್ಥೆ ಲಿನಕ್ಸೇನೋ ಹೌದು, ನನಗೆ ಗೊತ್ತಿದ್ದದ್ದೇ. ಆದರೆ ಒಳಗಿರುವ ಒಂದೊಂದು ಪ್ಯಾಕೇಜೂ ಎರಡು ಮೂರು ವರ್ಷ ಹಳೆಯದು. ಸದ್ದು ನುಡಿಸುವ ಪ್ರೋಗ್ರಾಮಿನ ಆವೃತ್ತಿಯಂತೂ ನಾಲ್ಕು ಚುಕ್ಕೆ ಒಂದು. ಹೊರಗೆ ಆಗಲೇ ಐದು ಚುಕ್ಕೆ ಎರಡು ಬಂದಿತ್ತು.

"ಇದನ್ನ ಯಾಕೆ ಹೊಸದು ಮಾಡಿಲ್ಲ?" ಎಂದು ಕೇಳಿದೆ.

"ಇದು ಸ್ಟೇಬಲ್ ಐತಿ ತಂಗಿ," ಎಂದರು ಕಾಶೀಬಾಯಿ, ಎಲೆಗೆ ಸುಣ್ಣ ಸವರುತ್ತ. "ಇದನ್ನ ಕಟ್ಟಿದವರು ಹೊರಗ ಬಿಡೂಕ ಮೊದಲ ಎಲ್ಲಾನೂ ಒಂದರ ಜೋಡಿ ಒಂದನ್ನ ಕೂಡಿಸಿ ತಿಂಗಳುಗಟ್ಟಲೆ ನೋಡ್ಯಾರ. ಕೂಡತು ಅಂದ ಮ್ಯಾಲ ಕೀಲಿ ಹಾಕ್ಯಾರ. ಇನ್ನ ಮುಂದಿನ ಬಿಡುಗಡೆ ತನಕ ಒಳಗಿಂದು ಬದಲಾಗೂದಿಲ್ಲ."

"ಅದರಲ್ಲಿ ತೂತು ಕಂಡರೆ?"

"ತೂತಿದ್ದಷ್ಟಕ್ಕ ತ್ಯಾಪಿ ಹಚ್ಚತಾರ. ತೂತು ಬಿತ್ತಂತ ಹೊಸಾ ಅಂಗಿ ಹೊಲಸೂದಿಲ್ಲ."

"ಮತ್ತೆ ಆ ಗೊಗ್ಗರು? ಅದು ತೂತಲ್ಲವೇ?"

ಅದು ಏನೆಂದು ನಾನು ಮೊದಲ ವಾರದಲ್ಲೇ ಹುಡುಕಿಬಿಟ್ಟಿದ್ದೆ. ಗಣಿಯ ಕಂಬಕ್ಕೆ ಯಾರೋ ಯಾವ ಕಾಲದಲ್ಲೋ ಇನ್ನೊಂದು ಸನಾದಿಯನ್ನೇ ಹಾಕಿದ್ದರು. ಹಳೆಯ ಪ್ರೋಗ್ರಾಮಿಗೆ ಆ ಫೈಲನ್ನು ಸರಿಯಾಗಿ ಬಿಚ್ಚಲು ಬಾರದೆ ಅದು ಕೆಮ್ಮಾಗಿ ಹೊರಬರುತ್ತಿತ್ತು. ಪ್ರೋಗ್ರಾಮು ಬರೆದವರೇ ಆ ತಪ್ಪನ್ನು ಹೊಸ ಆವೃತ್ತಿಯಲ್ಲಿ ತಿದ್ದಿದ್ದರು. ಕಾಶೀಬಾಯಿ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಅದು ಯಾರಿಗೂ ಏನೂ ಮಾಡೂದಿಲ್ಲ. ಅದರ ಪಾಡಿಗೆ ಅದು ಇರಲಿ," ಎಂದರು. ನನಗೆ ಅರ್ಥವಾಗಲಿಲ್ಲ. ತಪ್ಪು ಎಂದು ಗೊತ್ತಿದೆ, ತಿದ್ದುಪಡಿ ಬಂದು ಬಾಗಿಲಲ್ಲಿ ನಿಂತಿದೆ, ಆದರೂ ಒಳಗೆ ಕರೆಯುವುದಿಲ್ಲ. ಇದನ್ನು ಸೋಮಾರಿತನ ಎನ್ನಬೇಕೋ ಜಾಣತನ ಎನ್ನಬೇಕೋ ತಿಳಿಯದೆ ತಲೆ ಕೆಡಿಸಿಕೊಂಡೆ.

ನಾನು ಉಳಿದುಕೊಂಡದ್ದು ಈರವ್ವನವರ ಮನೆಯಲ್ಲಿ. ಐವತ್ತೆಂಟು ವಯಸ್ಸು, ಒಂಟಿ ಹೆಂಗಸು, ಬೆಳಗ್ಗೆಯಿಡೀ ರೊಟ್ಟಿ ಬಡಿದು ಮಧ್ಯಾಹ್ನ ಒಂದಕ್ಕೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಪೇಟೆಯ ಖಾನಾವಳಿಗೆ ಹೋಗಿ ಕೊಡುತ್ತಿದ್ದರು. ಹೊಸಬರಿಗೆಂದು ಬೀದಿಯುದ್ದಕ್ಕೂ ಹಗ್ಗ ಕಟ್ಟಿರುತ್ತದೆ. ನಾನು ತಿಂಗಳಾದರೂ ಹಗ್ಗ ಬಿಟ್ಟಿರಲಿಲ್ಲ. ಈರವ್ವ ನನ್ನ ಪಕ್ಕ ನಡೆಯುತ್ತ ನಗುತ್ತಿದ್ದರು. "ನೀ ಕಿವಿಲೆ ಕೇಳತಿ, ಅದಕ್ಕ ನಿನಗ ಬರವಲ್ದು. ಕಾಲಿಗೆ ಕೇಳಸಬೇಕು." ಅವರ ಮನೆಯ ಬಾಗಿಲಿನಿಂದ ಪೇಟೆಗೂ ಗಣಿಗೂ ಒಂದೇ ದೂರ, ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಎಡಬಲ ನೋಡದೆ ಸನಾದಿಯತ್ತಲೇ ಹೋಗುತ್ತಿದ್ದ, ಮುಪ್ಪಾಗುತ್ತಿದ್ದ ಆ ಕಾಲುಗಳು ಇಷ್ಟು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

ಮೂರನೆಯ ತಿಂಗಳು ಕಾಶೀಬಾಯಿ ಹಲ್ಲು ಕೀಳಿಸಿಕೊಳ್ಳಲು ಬೇರೆ ಊರಿಗೆ ಹೋದರು. ಒಂದಲ್ಲ, ಆರು ಹಲ್ಲು. ಐದು ದಿನ ರಜೆ. ಹೋಗುವಾಗ, "ಏನೂ ಮಾಡಬ್ಯಾಡ. ಏನೂ ಮಾಡದಿರೂದ ನಮ್ಮ ಕೆಲಸ," ಎಂದು ಹೇಳಿ ಹೋದರು. ಎರಡನೆಯ ದಿನ ಬೆಳಗ್ಗೆ ನನ್ನ ಮೇಲ್‌ಗೆ ಒಂದು ಎಚ್ಚರಿಕೆ ಬಂತು. ನಮ್ಮ ಸದ್ದಿನ ಪ್ರೋಗ್ರಾಮಿನಲ್ಲಿ ದೊಡ್ಡ ತೂತು ಸಿಕ್ಕಿದೆ, ಹೊರಗಿನವರು ಯಾರು ಬೇಕಾದರೂ ಒಳಗೆ ನುಗ್ಗಿ ತಮಗೆ ಬೇಕಾದ ಸದ್ದು ಹಾಕಬಹುದು, ಐದು ಚುಕ್ಕೆ ಎರಡಕ್ಕಿಂತ ಹಳೆಯದನ್ನು ಇಟ್ಟುಕೊಂಡವರೆಲ್ಲ ಅಪಾಯದಲ್ಲಿದ್ದಾರೆ ಎಂದು. ನಮ್ಮದು ನಾಲ್ಕು ಚುಕ್ಕೆ ಒಂದು. ಯಾರೋ ಕಿಡಿಗೇಡಿ ಮಬ್ಬಿನ ಹೊತ್ತಿನಲ್ಲಿ ಬಾವಿಯ ರಾಟೆಯನ್ನು ಶಾಲೆಗೆ, ಶಾಲೆಯ ಸೀಟಿಯನ್ನು ಕೆರೆಗೆ ಬದಲಾಯಿಸಿದರೆ?

ಕಾಶೀಬಾಯಿಗೆ ಫೋನು ಮಾಡಿದೆ. ಅವರ ಬಾಯಿತುಂಬ ಹತ್ತಿ. "ಆಲ ಓಡು," ಎಂದರು. "ಏನು?" "ಆಲ, ಆಲ ಓಡು!" ಭಾಳ ನೋಡು ಎನ್ನುತ್ತಿದ್ದಾರೆ ಎಂದುಕೊಂಡೆ. ಸರಿ, ಭಾಳ ನೋಡಿದೆ. ನೋಡಿದಷ್ಟೂ ನಾಲ್ಕು ಚುಕ್ಕೆ ಒಂದು ನಾಲ್ಕು ಚುಕ್ಕೆ ಒಂದೇ ಆಗಿ ಕಂಡಿತು. ಮತ್ತೆ ಫೋನು ಮಾಡಿದರೆ ದಾದಿಯೊಬ್ಬಳು ಎತ್ತಿ, ಮಾತಾಡಿಸಬೇಡಿ, ರಕ್ತ ಬರುತ್ತಿದೆ ಎಂದಳು.

ಆಗ ನಾನೇ ತೀರ್ಮಾನ ಮಾಡಿದೆ. ಹೊರಗಿನಿಂದ ಐದು ಚುಕ್ಕೆ ಎರಡನ್ನು ಇಳಿಸಿಕೊಂಡೆ. ಅದು ತನಗೆ ನೆರವಾಗಲು ಲೈಬ್ರರಿ ಎಂಬ ಇನ್ನೊಂದು ಹೊಸ ಪ್ರೋಗ್ರಾಮು ಬೇಕೆಂದಿತು. ಆ ಲೈಬ್ರರಿ ಇನ್ನೆರಡನ್ನು ಕೇಳಿತು. ಆ ಎರಡೂ ತಮ್ಮ ಬಳಗವನ್ನು ಕರೆದವು. ಒಬ್ಬ ಅತಿಥಿಗೆ ಎಲೆ ಹಾಕಲು ಹೋಗಿ ಹದಿನೇಳು ಎಲೆ ಹಾಕಿದೆ. ಎಲ್ಲವೂ ಸುಸೂತ್ರ ಕೂತವು, ಒಂದು ಎರರ್ ಕೂಡ ಬರಲಿಲ್ಲ. ಉತ್ಸಾಹದಲ್ಲಿ ಪಕ್ಕದ ಯಂತ್ರಕ್ಕೂ ಅದನ್ನೇ ಹಾಕಿದೆ. ಹನ್ನೊಂದೂವರೆಗೆ ಕಚೇರಿಯ ಸಣ್ಣ ಸ್ಪೀಕರಿನಲ್ಲಿ ನುಡಿಸಿ ನೋಡಿದರೆ ಎಷ್ಟು ಇಂಪು! ತಗ್ಗಿದ್ದ ಸದ್ದುಗಳನ್ನು ಹೊಸ ಪ್ರೋಗ್ರಾಮು ತಾನಾಗಿಯೇ ಎತ್ತರಿಸಿತ್ತು. ಗಣಿಯ ಕಂಬದ ಕೆಮ್ಮು ಹೋಗಿ, ಒಳಗೆ ಇಷ್ಟು ವರ್ಷ ಉಸಿರು ಕಟ್ಟಿ ಕೂತಿದ್ದ ಸನಾದಿ ಹೊರಬಂದಿತ್ತು. ಕಾಶೀಬಾಯಿ ಬಂದು ಕೇಳಿದರೆ ಬೈಯಲು ಬಾಯೇ ಬಾರದು ಎಂದುಕೊಂಡು ನಗುತ್ತ ಕೂತೆ.

ಮಬ್ಬು ಇಳಿಯಿತು. ಕಿಟಕಿ ತೆರೆದು ಕಿವಿಗೊಟ್ಟೆ. ಬೀದಿಯಲ್ಲಿ ನಡೆಯುತ್ತಿದ್ದ ಹೆಜ್ಜೆಗಳು ನಿಂತವು. "ನಾನು ದ್ಯಾಮಣ್ಣ, ಯಾರದಾರ ಇಲ್ಲೆ?" ಎಂದು ಒಂದು ದನಿ. "ಇದು ಯಾವದು?" ಎಂದು ಇನ್ನೊಂದು. ಇಂಪಿಗೆ ಬೆರಗಾಗಿ ನಿಂತಿದ್ದಾರೆ ಎಂದೇ ತಿಳಿದೆ. ಒಂದೂವರೆಯ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಖಾನಾವಳಿಯ ಮಾಲಕ, ಗೋಡೆ ಹಿಡಿದು ಹಿಡಿದು ಬಂದಿದ್ದ. "ಈರವ್ವ ರೊಟ್ಟಿ ತಂದಿಲ್ರೀ. ಮನಿ ಬಿಟ್ಟು ಅರ್ಧ ತಾಸಾತಂತ. ಅಲ್ರೀ, ಇವತ್ತ ಎರಡ ಸನಾದಿ ಯಾಕ ಕೇಳಾಕತ್ತಾವು?"

ಎರಡು ಸನಾದಿ. ಕೂತವಳು ಎದ್ದು ನಿಂತೆ. ಈರವ್ವನವರ ಮನೆಯಿಂದ ಬಲಕ್ಕೊಂದು, ಎಡಕ್ಕೊಂದು, ಎರಡೂ ಒಂದೇ ಎತ್ತರಕ್ಕೆ, ಎರಡೂ ಇಂಪಾಗಿ. ತಿರುಗಿ ಹೋಗು ಎನ್ನುವ ಕೆಮ್ಮು ಊರಲ್ಲೇ ಇಲ್ಲ.

ಯಂತ್ರದ ಮುಂದೆ ಕೂತರೆ ಕೈ ಏನು ಮಾಡಬೇಕೆಂದು ತಿಳಿಯದಾಯಿತು. ಹದಿನೇಳನ್ನು ಕಿತ್ತು ಹಳೆಯದನ್ನು ಕೂರಿಸಲು ಎರಡು ತಾಸು ಬೇಕು. ಅಷ್ಟು ಹೊತ್ತು ಊರಿಗೆ ಊರೇ ಮೂಕ. ಗಣಿಯ ಕಂಬ ಒಂದನ್ನೇ ನಿಲ್ಲಿಸಲೇ? ಆ ಸದ್ದನ್ನೇ ಹಿಡಿದು ನಡೆಯುತ್ತಿರುವವರು ಅಂಚಿನಲ್ಲಿ ಯಾವ ದಿಕ್ಕೂ ಇಲ್ಲದೆ ನಿಲ್ಲುತ್ತಾರೆ. ನಿಲ್ಲಿಸದೆ ಬಿಡಲೇ? ನಡೆಯುತ್ತಲೇ ಇರುತ್ತಾರೆ. ಆಗ ಮೇಜಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಮೈಕು ಕಂಡಿತು. ಅದನ್ನು ಗಣಿಯ ಕಂಬಕ್ಕೆ ಮಾತ್ರ ಜೋಡಿಸಿದೆ. "ಈರವ್ವಾ, ನಾನು ಮಂದಾಕಿನಿ. ಅದು ಪೇಟೆಯಲ್ಲ, ಗಣಿ. ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ" ಎಂದು ನಾಲ್ಕೈದು ಸಲ ಕೂಗಿದೆ. ಖಾನಾವಳಿಯವನು ನನ್ನ ತೋಳು ಹಿಡಿದ. ಕಂಬಗಳಿಂದ ಮನುಷ್ಯರ ದನಿಯನ್ನು ಆ ಊರು ಯಾವತ್ತೂ ಕೇಳಿರಲಿಲ್ಲ.

ನಾಲ್ಕಕ್ಕೆ ಮಬ್ಬು ಎದ್ದಾಗ ಎಲ್ಲರೂ ಓಡಿದೆವು. ಈರವ್ವ ಗಣಿಯ ಮೊದಲ ಮೆಟ್ಟಿಲಿನ ಮೇಲೆ, ಒಂದಾಳು ಕೆಳಗೆ, ಕಾಲು ಮಡಚಿಕೊಂಡು ಬಿದ್ದಿದ್ದರು. ಸುತ್ತ ರೊಟ್ಟಿಗಳು ಸುಣ್ಣದ ಪುಡಿಯಲ್ಲಿ ಚೆಲ್ಲಿದ್ದವು. ಪ್ರಜ್ಞೆ ಇತ್ತು. ನನ್ನನ್ನು ಕಂಡು ಅವರು ಹೇಳಿದ ಮಾತು ಈಗಲೂ ನನ್ನನ್ನು ಊಟದ ನಡುವೆ ನಿಲ್ಲಿಸುತ್ತದೆ. "ನಾ ಅಂಚಿನ್ಯಾಗ ನಿಂತಿದ್ದೆ ತಂಗಿ. ಏನೋ ಸರಿ ಅನಸವಲ್ದಾಗಿತ್ತು. ಅಷ್ಟರಾಗ ನೀ ಹೆಸರು ಹೇಳಿದಿ. ಮುಂದ ಅದೀಯಂತ ತಿಳದು ನಿನ್ನ ಕಡೆ ಬಂದೆ."

ಹೆಸರು ಹೇಳಿದವರ ದನಿಯತ್ತ ಸರಿಯುವುದು ಆ ಊರಿನ ನಡೆ. ನನಗದು ಗೊತ್ತಿತ್ತು. ದಿನವೂ ಕಂಡಿದ್ದೆ. ಆ ಗಳಿಗೆಯಲ್ಲಿ ಮಾತ್ರ ಗೊತ್ತಿರಲಿಲ್ಲ.

ತೊಡೆಯ ಮೂಳೆ ಮುರಿದಿತ್ತು. ಕಾಶೀಬಾಯಿ ಮರುದಿನವೇ ಬಂದರು, ಒಂದು ಕೆನ್ನೆ ಸೋರೆಕಾಯಿಯಷ್ಟು ಊದಿಕೊಂಡಿತ್ತು. ನನ್ನನ್ನು ಬೈಯಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು, ತಗಡಿನ ಪೆಟ್ಟಿಗೆಯಿಂದ ಹಳೆಯ ಪ್ರತಿಯನ್ನು ಹೊರತೆಗೆದು, ಹನ್ನೆರಡರೊಳಗೆ ಎಲ್ಲವನ್ನೂ ಮೊದಲಿನಂತೆ ಕೂರಿಸಿದರು. ಆಮೇಲೆ ತೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ನಾಲ್ಕು ಚುಕ್ಕೆ ಒಂದು, ಅದರ ಮುಂದೊಂದು ಗೆರೆ, ಗೆರೆಯ ಮುಂದೆ ಸಣ್ಣದಾಗಿ ಹನ್ನೊಂದು. "ಬಾಲ," ಎಂದರು ಈ ಸಲ ಸ್ಪಷ್ಟವಾಗಿ. "ಬಾಲ ನೋಡು ಅಂದಿದ್ದೆ." ಹನ್ನೊಂದನೆಯ ತೇಪೆಯ ವಿವರ ತೆರೆದರು. ಎಚ್ಚರಿಕೆಯಲ್ಲಿ ಹೇಳಿದ್ದ ಅದೇ ತೂತು. ಸ್ಟೇಬಲ್ ಕಟ್ಟಿದವರು ಹೊಸ ಆವೃತ್ತಿಯಿಂದ ಅದನ್ನು ಮುಚ್ಚುವ ನಾಲ್ಕು ಸಾಲನ್ನಷ್ಟೇ ಬಿಡಿಸಿ ತಂದು ಹಳೆಯದಕ್ಕೆ ಹೊಲಿದಿದ್ದರು. ಒಂಬತ್ತು ದಿನ ಹಿಂದೆಯೇ. ನಾನು ತಲೆ ನೋಡಿ ಹೆದರಿದ್ದೆ.

"ನಾನು ಹೋಗಿಬಿಡುತ್ತೇನೆ," ಎಂದೆ.

"ಹೋಗಿ?" ಎಂದರು.

ಮೂರನೆಯ ಬೆಳಗ್ಗೆ ಶಾಲೆಯ ಜಗಲಿಯಲ್ಲಿ ಊರು ಸೇರಿತು. ನನಗೆ ಕಲ್ಲು ಬೀಳುತ್ತದೆ ಎಂದುಕೊಂಡು ಹೋಗಿದ್ದೆ. ಬೈದರು, ಬೈಯಬೇಕಾದಷ್ಟು. ಹೊಸದು ಈ ಊರಿಗೆ ಬೇಡವೇ ಬೇಡ, ಇರುವುದು ಹೀಗೇ ಇರಲಿ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಆಗ ಹಿಂದಿನಿಂದ ಮುದುಕನೊಬ್ಬ ಎದ್ದ. ಬಾವಿ ಓಣಿಯ ದುಂಡಪ್ಪ, ಕುಂಬಾರ. ಹನ್ನೆರಡು ವರ್ಷದಿಂದ ಕಿವಿ ಮಂದವಾಗಿ, ಬಾವಿಯ ಕಂಬದ ತಗ್ಗು ಸದ್ದು ಕೇಳದೆ, ಮಬ್ಬು ಇಳಿದರೆ ಮನೆಯೊಳಗೆ ಕೂರುತ್ತಿದ್ದವನು. ಆತ ಎಲ್ಲರಿಗಿಂತ ಜೋರಾಗಿ ಮಾತಾಡಿದ, ಕಿವುಡರು ಮಾತಾಡುವ ಹಾಗೆ.

"ಆ ದಿನ ನನಗ ರಾಟಿ ಕೇಳಸ್ತು! ಎದ್ದು ಹೊಂಟೆ. ಬಾವಿ ತನಕ ಹೋದೆ, ಒಬ್ಬನ ಹೋದೆ, ನೀರು ಕುಡದು ತಿರುಗಿ ಬಂದೆ. ಈರವ್ವ ಬಿದ್ದದ್ದು ನನಗೂ ಸಂಕಟ ಐತಿ. ಆದ್ರ ಆ ಸದ್ದನ್ನ ಮತ್ತ ಯಾವಾಗ ಹಚ್ಚತೀರಿ, ಹೇಳ್ರಿ."

ಆತ ನನ್ನನ್ನೇ ನೋಡುತ್ತಿದ್ದ. ಒಬ್ಬಳ ಕಾಲು ಮುರಿದ ನನ್ನ ತಪ್ಪು ಇನ್ನೊಬ್ಬನಿಗೆ ಕಾಲು ಕೊಟ್ಟಿತ್ತು. ನನಗೆ ಅಳು ಬಂತೋ ನಗು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡೆ.

ಕಚೇರಿಗೆ ಮರಳಿದ ಮೇಲೆ ಕಾಶೀಬಾಯಿಗೆ ಒಂದು ಉಪಾಯ ಹೇಳಿದೆ. ಗೊಗ್ಗರನ್ನೇ ರೆಕಾರ್ಡು ಮಾಡಿ ಇಟ್ಟುಕೊಂಡರಾಯಿತು, ಹೊಸ ಪ್ರೋಗ್ರಾಮಿನಲ್ಲೂ ಅದನ್ನೇ ನುಡಿಸಬಹುದು. ಅವರು ಕೆನ್ನೆ ಹಿಡಿದುಕೊಂಡು ತಲೆಯಾಡಿಸಿದರು. "ಅದೊಂದು ನಿನಗ ಗೊತ್ತಾತು, ಈರವ್ವ ಬಿದ್ದಳಂತ. ಉಳದ ನಲವತ್ತರಾಗ ಏನೇನೈತೋ? ಯಾರ ಕಾಲು ಯಾವ ತಪ್ಪಿನ ಮ್ಯಾಲ ನಿಂತೈತೋ? ನನಗ ಗೊತ್ತಿಲ್ಲ. ಪ್ರೋಗ್ರಾಮ ಬರದವರಿಗಂತೂ ಗೊತ್ತ ಇಲ್ಲ." ಆಮೇಲೆ ಕ್ಯಾಲೆಂಡರಿನ ಹಾಳೆ ಮಗುಚಿದರು. ಸ್ಟೇಬಲ್‌ನ ಮುಂದಿನ ಬಿಡುಗಡೆಗೆ ಹನ್ನೊಂದು ತಿಂಗಳಿತ್ತು. ಅದರಲ್ಲಿ ಐದು ಚುಕ್ಕೆ ಎರಡೇ ಇರುತ್ತದೆ, ಗೊಗ್ಗರು ಇರುವುದಿಲ್ಲ. ಹಳೆಯದಕ್ಕೆ ತೇಪೆ ಬರುವುದು ಅದಾದ ಮೇಲೆ ಒಂದೇ ವರ್ಷ, ಆಮೇಲೆ ನಿಲ್ಲುತ್ತದೆ. ಹೊಸದು ಬರಲೇಬೇಕು. "ಹಂಗಾದ್ರ ಅಷ್ಟರೊಳಗ ಊರು ಕಲೀಲಿ," ಎಂದರು.

ಹಾಗೆ ಶುರುವಾಯಿತು. ದಿನವೂ ಬೆಳಗ್ಗೆ ಒಂಬತ್ತಕ್ಕೆ, ಬಿಸಿಲಿರುವಾಗ, ಪಕ್ಕದ ಯಂತ್ರಕ್ಕೆ ಹೊಸದನ್ನು ಹಾಕಿ ಕಚೇರಿಯ ಅಂಗಳದಲ್ಲಿ ಒಂದೊಂದೇ ಕಂಬದ ಸದ್ದು ನುಡಿಸುತ್ತೇವೆ. ಬಂದವರು ಕೇಳುತ್ತಾರೆ, ಬೇರೆಯೆನಿಸಿದ್ದನ್ನು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಾಲ್ಕು ತಿಂಗಳಲ್ಲಿ ಆರು ಸಿಕ್ಕವು. ತಾಳದ ಕಂಬ ನೂರಕ್ಕೊಮ್ಮೆ ಒಂದು ಬಡಿತ ನುಂಗುತ್ತಿತ್ತಂತೆ, ಸೂಲಗಿತ್ತಿಯೊಬ್ಬಳು ಅದನ್ನೇ ಎಣಿಸಿ ನೋವಿನ ನಡುವಿನ ಹೊತ್ತು ಅಳೆಯುತ್ತಿದ್ದಳಂತೆ. ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ಬರೆದುಕೊಂಡೆ. ಹೀಗೆ ಬರೆಯುತ್ತ ಹೋದರೆ ಮುಗಿಯುತ್ತದೆಯೋ ಇಲ್ಲವೋ ಎಂದು ಕಾಶೀಬಾಯಿಯನ್ನು ಕೇಳಿದರೆ, ಮುಗಿಯದಿದ್ದರೂ ಒಂದು ದಿನ ಕೀಲಿ ಹಾಕಲೇಬೇಕಾಗುತ್ತದೆ ಎನ್ನುತ್ತಾರೆ. ಈ ಮಾತು ನನಗೆ ಒಂದು ದಿನ ಅರ್ಥವಾದಂತಿರುತ್ತದೆ, ಇನ್ನೊಂದು ದಿನ ಇಲ್ಲ.

ದುಂಡಪ್ಪ ಒಂದು ದಿನವೂ ತಪ್ಪಿಸುವುದಿಲ್ಲ, ಎಲ್ಲರಿಗಿಂತ ಮೊದಲು ಬಂದು ಸ್ಪೀಕರಿನ ಬುಡದಲ್ಲೇ ಕೂರುತ್ತಾನೆ. ಈರವ್ವ ಬಂದದ್ದು ಐದನೆಯ ತಿಂಗಳು, ಊರುಗೋಲಿನ ಮೇಲೆ. ಅವರು ಬಿದ್ದಂದಿನಿಂದ ನಾನು ಅವರ ಮನೆ ಬಿಟ್ಟು ಕಚೇರಿಯಲ್ಲೇ ಮಲಗುತ್ತಿದ್ದೆ. ಈಗ ರೊಟ್ಟಿಯನ್ನು ಖಾನಾವಳಿಯವನೇ ಮನೆಗೆ ಬಂದು ಒಯ್ಯುತ್ತಾನೆ. ಅವರು ನನ್ನತ್ತ ನೋಡದೆ ದುಂಡಪ್ಪನ ಪಕ್ಕದ ಕಲ್ಲಿನ ಮೇಲೆ ಕೂತರು. "ಗಣೀದು ಹಚ್ಚು," ಎಂದರು. ನನ್ನ ಬೆರಳು ಒತ್ತಲು ಹಿಂಜರಿಯಿತು. ಒತ್ತಿದೆ. ಬಿಸಿಲಿನಲ್ಲಿ ಸನಾದಿ ಎದ್ದಿತು. "ಇದು ಗಣಿ!" ಎಂದು ದುಂಡಪ್ಪ ಅವರ ಕಿವಿಯ ಹತ್ತಿರ ಕೂಗಿದ. "ಪ್ಯಾಟೀದರಕಿಂತ ಒಂದು ಎಳಿ ಸಣ್ಣಗ ಐತಿ, ಕೇಳು!"

"ಗೊತ್ತೈತಿ, ಒದರಬ್ಯಾಡೋ, ನಾ ಏನ್ ಕಿವುಡಿ ಅಲ್ಲ," ಎಂದರು ಈರವ್ವ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಇಷ್ಟ ಚಂದ ಯಾಕ ಮಾಡ್ಯಾರ ಇದನ್ನ?" ಎಂದರು ಯಾರನ್ನೋ ಕೇಳುವಂತೆ. ಆಮೇಲೆ ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ಮತ್ತೊಮ್ಮೆ ಎಂದರು. ಆರನೆಯ ಸಲ ಸನಾದಿ ಏಳುತ್ತಿದ್ದಂತೆ, ಅವರು ಕೂತೇ ಇದ್ದರೂ, ಗಟ್ಟಿಯಿದ್ದ ಕಾಲು ತಾನಾಗಿ ನೆಲದ ಮೇಲೆ ಒಂದು ಗೇಣು ಮುಂದೆ ಸರಿಯಿತು, ಸದ್ದಿನ ಕಡೆಗೆ. ಈರವ್ವ ಕಣ್ಣು ತೆರೆದು ಅದನ್ನು ನೋಡಿದರು. ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಹಿಂದಕ್ಕೆಳೆದುಕೊಂಡರು.

"ಇದಿನ್ನೂ ಕಲತಿಲ್ಲ," ಎಂದರು, ಮೊದಲ ಸಲ ನನ್ನ ಮುಖ ನೋಡಿ. "ಮತ್ತ ಹಚ್ಚು."